ಮೊಂಟಾನಾ, 1918: ಕೈತಪ್ಪಿದ ಎರಡನೇ ಓಟು

ಅಮೆರಿಕದ ಮೊಂಟಾನಾ ರಾಜ್ಯದ ರಾಜಕಾರಣಿ ಜೆನೆಟ್ ರ‍್ಯಾಂಕಿನ್ ಬಗ್ಗೆ ನಾವು ಓದೋದು ಸಾಮಾನ್ಯವಾಗಿ ಒಂದೇ ಸಾಲು: ಮೊದಲ ಮಹಾಯುದ್ಧ ಬೇಡ ಎಂದರು, 1918ರ ಸೆನೆಟ್ (ಸಂಸತ್ತಿನ ಮೇಲ್ಮನೆ) ಚುನಾವಣೆಯಲ್ಲಿ ಸೋತರು. ಸಾಲು ಸುಳ್ಳಲ್ಲ. ಆದರೆ ಸೋಲಿಗೆ ಅದೊಂದೇ ಕಾರಣ ಎಂದು ಬರೆದರೆ ಉತ್ತರ ಅರ್ಧವೇ ಆಗುತ್ತದೆ. ಓಟು ಹಾಕುವ ಪದ್ಧತಿಯನ್ನೂ ನೋಡಬೇಕು.

ಮೊದಲು 1916ಕ್ಕೆ ಹೋಗೋಣ. ಅಮೆರಿಕದ ಕೆಳಮನೆಯಲ್ಲಿ ಮೊಂಟಾನಾಕ್ಕೆ ಆಗ ಎರಡು ಸೀಟು. ಕ್ಷೇತ್ರ ಮಾತ್ರ ಒಂದೇ, ಇಡೀ ರಾಜ್ಯ. ಹಾಗಾಗಿ ಪ್ರತಿ ಮತದಾರರಿಗೂ ಎರಡೆರಡು ಓಟು. ಡೆಮಾಕ್ರಟಿಕ್ ಪಕ್ಷದ ರೈತನೊಬ್ಬ ಒಂದು ಓಟನ್ನು ತನ್ನ ಪಕ್ಷಕ್ಕೆ ಹಾಕಿ, ಇನ್ನೊಂದನ್ನು 'ಈ ಹೆಣ್ಣುಮಗಳಿಗೆ ಇರಲಿ' ಎಂದು ಕೊಡಬಹುದಿತ್ತು. 1914ರಿಂದ ಅಲ್ಲಿನ ಹೆಂಗಸರಿಗೂ ಓಟಿತ್ತು. ರಿಪಬ್ಲಿಕನ್ ಪಕ್ಷದ ರ‍್ಯಾಂಕಿನ್ ಎರಡನೇ ಸ್ಥಾನಕ್ಕೆ ಬಂದು ಗೆದ್ದರು. ಅಮೆರಿಕದ ಸಂಸತ್ತಿಗೆ ಹೋದ ಮೊದಲ ಮಹಿಳೆ ಅವರೇ.

1917ರ ಏಪ್ರಿಲ್ 6ರಂದು ಯುದ್ಧದ ನಿರ್ಣಯ ಮತಕ್ಕೆ ಬಂತು. ಪರವಾಗಿ 373, ವಿರುದ್ಧ 50. ಆ ಐವತ್ತರಲ್ಲಿ ರ‍್ಯಾಂಕಿನ್ ಒಬ್ಬರು. ಜೂನ್‌ನಲ್ಲಿ ಬ್ಯೂಟ್ ಊರಿನ ಸ್ಪೆಕ್ಯುಲೇಟರ್ ಗಣಿಗೆ ಬೆಂಕಿ ಬಿದ್ದು 168 ಜನ ಸತ್ತರು. ಕಾರ್ಮಿಕರು ಮುಷ್ಕರ ಹೂಡಿದಾಗ ರ‍್ಯಾಂಕಿನ್ ಕಾರ್ಮಿಕರ ಜೊತೆ ನಿಂತರು. ಆ ರಾಜ್ಯದ ರಾಜಕೀಯದಲ್ಲೂ ಪತ್ರಿಕೆಗಳಲ್ಲೂ ಅನಕೊಂಡ ತಾಮ್ರ ಕಂಪನಿಯ ಹಿಡಿತ ಬಲವಾಗಿತ್ತು. ಆ ಕಂಪನಿಯೂ ಅವರಿಗೆ ಎದುರಾಯಿತು.

1917ರಲ್ಲೇ ರಾಜ್ಯದ ಶಾಸನಸಭೆ ಮೊಂಟಾನಾವನ್ನು ಎರಡು ಕ್ಷೇತ್ರಗಳಾಗಿ ಒಡೆಯಿತು. ರ‍್ಯಾಂಕಿನ್ ಅವರ ಊರು ಮಿಸೌಲಾ ಪಶ್ಚಿಮದ ಭಾಗಕ್ಕೆ ಸೇರಿತು. ಅಲ್ಲಿ ಡೆಮಾಕ್ರಟರ ಬಲ ಜಾಸ್ತಿ. ಇಡೀ ರಾಜ್ಯದ ಮುಂದೆ ಮತ್ತೆ ಓಟು ಕೇಳಬೇಕೆಂದರೆ ಉಳಿದಿದ್ದು ಸೆನೆಟ್ ಒಂದೇ.

ಇಲ್ಲೇ ಸ್ವಲ್ಪ ನಿಲ್ಲಿ. ಸೆನೆಟ್ ಚುನಾವಣೆಗೂ ಕ್ಷೇತ್ರ ಇಡೀ ರಾಜ್ಯವೇ, ನಿಜ. ಆದರೆ ತುಂಬಬೇಕಿದ್ದ ಸೀಟು ಒಂದೇ, ಒಬ್ಬರಿಗೆ ಒಂದೇ ಓಟು. 1916ರ ಆ ಎರಡನೇ ಓಟು ಈಗ ಇಲ್ಲ. ನನಗೆ ಇಡೀ ಪಾಠದ ಕೀಲಿ ಇದೇ ಅನ್ನಿಸುತ್ತದೆ.

1918ರ ಆಗಸ್ಟ್‌ನಲ್ಲಿ ರಿಪಬ್ಲಿಕನ್ ಪಕ್ಷದ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಸುತ್ತು. ಆಸ್ಕರ್ ಲಾನ್‌ಸ್ಟ್ರಮ್ ಎದುರು ರ‍್ಯಾಂಕಿನ್ ಸೋತದ್ದು ಸುಮಾರು 1,700 ಓಟುಗಳಿಂದ. ಯುದ್ಧವಿರೋಧಿ ಎಂದು ಊರೂರಲ್ಲಿ ಬೈಸಿಕೊಂಡವರು ಇಷ್ಟು ಹತ್ತಿರ ಬಂದಿದ್ದು ಸಣ್ಣ ಮಾತಲ್ಲ ಅಲ್ವಾ?

ಆಗಿನ ವಾತಾವರಣ ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ. 1918ರ ಫೆಬ್ರವರಿಯಲ್ಲಿ ರಾಜ್ಯ ಕಠಿಣ ರಾಜದ್ರೋಹ ಕಾಯ್ದೆ ತಂದಿತ್ತು. ಯುದ್ಧಕಾಲದ ಆಹಾರ ನಿಯಮ ದೊಡ್ಡ ತಮಾಷೆ ಎಂದ ಒಬ್ಬ ಸೇಲ್ಸ್‌ಮನ್‌ಗೆ ಏಳೂವರೆಯಿಂದ 20 ವರ್ಷದ ಜೈಲು ಶಿಕ್ಷೆ ಬಿತ್ತು. ಶಾಲೆಯಲ್ಲೂ ಚರ್ಚಿನಲ್ಲೂ ಜರ್ಮನ್ ಭಾಷೆಗೆ ನಿಷೇಧ. ಹೊಲಗಳಲ್ಲಿ ಬರ, ಮನೆಗಳಲ್ಲಿ ಇನ್‌ಫ್ಲುಯೆಂಜಾ.

ರ‍್ಯಾಂಕಿನ್ ಸುಮ್ನೆ ಕೂರಲಿಲ್ಲ. ನ್ಯಾಷನಲ್ ಪಾರ್ಟಿ ಎಂಬ ಚಿಕ್ಕ ಪಕ್ಷದಿಂದ ಮತ್ತೆ ನಿಂತರು. ನವೆಂಬರ್ 5ರಂದು ಡೆಮಾಕ್ರಟಿಕ್ ಸೆನೆಟರ್ ಥಾಮಸ್ ವಾಲ್ಷ್ ಸುಮಾರು 41% ಓಟು ಪಡೆದು ಗೆದ್ದರು. ಲಾನ್‌ಸ್ಟ್ರಮ್‌ಗೆ 36%, ರ‍್ಯಾಂಕಿನ್‌ಗೆ 23%ರ ಆಸುಪಾಸು. ಆರು ದಿನ ಕಳೆಯುವಷ್ಟರಲ್ಲಿ ಕದನವಿರಾಮ ಬಂತು.

ಇದರ ಜೊತೆಗೇ ಓದಬೇಕಾದ ವರ್ಷ 1940. ಆ ವರ್ಷ ಅದೇ ಪಶ್ಚಿಮ ಕ್ಷೇತ್ರದಿಂದ ರ‍್ಯಾಂಕಿನ್ ಕೆಳಮನೆಗೆ ಗೆದ್ದುಬಂದರು. ಮರುವರ್ಷ ಡಿಸೆಂಬರ್ 8ರಂದು ಜಪಾನ್ ಮೇಲೆ ಯುದ್ಧ ಸಾರುವ ನಿರ್ಣಯಕ್ಕೆ 388 ಜನ ಒಪ್ಪಿದರು. ಬೇಡ ಎಂದವರು ಒಬ್ಬರೇ.