ಡಬ್ಬಿಯ ಮೇಲೆ 165, ಪರದೆಯ ಮೇಲೆ 60

“ಅಣ್ಣ, ಈ ಮಾನಿಟರ್ ಡಿಫೆಕ್ಟ್ ಪೀಸ್ ಇರ್ಬೇಕು. ಹಳೇದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಗೊತ್ತಾಗ್ತಿಲ್ಲ.”

ಈ ಮಾತು ನನಗೆ ಬಾಯಿಪಾಠವಾಗಿದೆ. ಹೇಳುವವರು ಬೇರೆ ಬೇರೆ, ಮಾತು ಮಾತ್ರ ಇದೇ. ಈ ಸಲ ಹೇಳಿದವನು ಒಬ್ಬ ಕಾಲೇಜು ಹುಡುಗ. ಒಂದೊಂದೇ ಬಿಡಿಭಾಗ ತರಿಸಿ ಕಂಪ್ಯೂಟರನ್ನು ತಾನೇ ಜೋಡಿಸಿದ್ದ. ಪಕ್ಕದ ಗಾಜು ತೆಗೆದು ನೋಡಿದರೆ ಒಳಗಿನ ವೈರುಗಳನ್ನೆಲ್ಲ ಜಡೆ ಹೆಣೆದ ಹಾಗೆ ಕಟ್ಟಿದ್ದಾನೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ನಾನೂ ಅಷ್ಟು ಚೆನ್ನಾಗಿ ಕಟ್ಟುವುದಿಲ್ಲ. ಮಾನಿಟರ್ ಮಾತ್ರ ‘ಡಿಫೆಕ್ಟ್’. ತಂದು ಎಂಟು ತಿಂಗಳಾಗಿತ್ತು.

ಎಲ್ಲ ಜೋಡಿಸಿ ಆನ್ ಮಾಡಿದೆ. ವಿಂಡೋಸ್‌ನ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್‌ಡ್ ಡಿಸ್‌ಪ್ಲೇ. ಅಲ್ಲಿ ನಾನಂದುಕೊಂಡ ಹಾಗೇ 60 ಹರ್ಟ್ಸ್ ಕೂತಿತ್ತು. ಪಟ್ಟಿ ಬಿಚ್ಚಿದರೆ ಕೆಳಗೆ, ಡಬ್ಬಿಯ ಮೇಲೆ ಬರೆದಿದ್ದ ಅದೇ 165. ಒತ್ತಿದೆ. ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬಂತು. “ಈಗ ಮೌಸ್ ಹಿಡಿದು ಜೋರಾಗಿ ಸುತ್ತಿಸು” ಎಂದೆ. 60ರಲ್ಲಿ ಹಾಗೆ ಸುತ್ತಿಸಿದರೆ ಬಾಣದ ಗುರುತು ಅಲ್ಲೊಂದು ಇಲ್ಲೊಂದು ಬಿಡಿಬಿಡಿಯಾಗಿ ಕಾಣುತ್ತದೆ. 165ರಲ್ಲಿ ಬಾಣಗಳು ಒತ್ತೊತ್ತಾಗಿ ಬಂದು ಹೆಚ್ಚುಕಡಿಮೆ ಒಂದು ಗೆರೆಯೇ ಆಗಿಬಿಡುತ್ತದೆ. ಹುಡುಗ ಒಂದು ನಿಮಿಷ ಬರೀ ಮೌಸ್ ಸುತ್ತಿಸುತ್ತ ಕೂತ. ಆಮೇಲೆ “ಎಂಟು ತಿಂಗಳು ಅಣ್ಣ...” ಎಂದ. ಬೈಯೋಣ ಎಂದುಕೊಂಡಿದ್ದೆ, ಆ ಮುಖ ನೋಡಿ ಬಾಯಿ ಬರಲಿಲ್ಲ.

ಎಲ್ಲರಿಗೂ ಮತ್ತೆ ಮತ್ತೆ ಹೇಳಿ ಸಾಕಾಗಿರುವುದು ಇದೊಂದೇ. ಡಬ್ಬಿಯ ಮೇಲಿನ ಸಂಖ್ಯೆ ನಿಮಗೆ ಸಿಗುವ ಸಂಖ್ಯೆ ಅಲ್ಲ. ಆ ಮಾನಿಟರ್‌ನ ಕೈಯಲ್ಲಿ ಹೆಚ್ಚೆಂದರೆ ಅಷ್ಟಾಗುತ್ತದೆ ಎಂದಷ್ಟೇ ಅದರ ಅರ್ಥ. ಚಿತ್ರ ಬರೆಯುವುದು ಗ್ರಾಫಿಕ್ಸ್ ಕಾರ್ಡ್. ಸೆಕೆಂಡಿಗೆ ಅದು ಎಷ್ಟು ಚಿತ್ರ ಬರೆದು ಮುಗಿಸುತ್ತದೋ ಅದು ಎಫ್‌ಪಿಎಸ್. ಸೆಕೆಂಡಿಗೆ ಎಷ್ಟು ಸಲ ಪರದೆ ತನ್ನ ಚಿತ್ರ ಬದಲಿಸುತ್ತದೋ ಅದು ಹರ್ಟ್ಸ್. ಎರಡೂ ಬೇರೆ ಬೇರೆ ಲೆಕ್ಕ. ಕಾರ್ಡ್ 120 ಚಿತ್ರ ಬರೆದರೂ ಪರದೆ 60ರಲ್ಲಿದ್ದರೆ ನೀವು ನೋಡುವುದು 60 ಸಲದ ಬದಲಾವಣೆಯನ್ನೇ. ಪರದೆ 165ರಲ್ಲಿದ್ದು ಕಾರ್ಡ್ 55 ಚಿತ್ರ ಬರೆದರೆ ಒಂದೊಂದು ಚಿತ್ರವನ್ನೇ ಮೂರು ಮೂರು ಸಲ ತೋರಿಸಬೇಕಾಗುತ್ತದೆ. ಕೊಡ ದೊಡ್ಡದು ತಂದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಜೋರಾಗಿ ಬರುವುದಿಲ್ಲ.

ಹೀಗೆ ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ತಲೆಯಾಡಿಸಿ, “ಹಾಗಾದ್ರೆ 240 ತಗೊಳ್ಳೋದು ಒಳ್ಳೇದಲ್ವಾ?” ಎನ್ನುತ್ತಾರೆ.

ಸ್ವಲ್ಪ ಲೆಕ್ಕ ಮಾಡೋಣ. 60 ಹರ್ಟ್ಸ್‌ನಲ್ಲಿ ಒಂದು ಚಿತ್ರ ಪರದೆಯ ಮೇಲೆ ನಿಲ್ಲುವುದು 16.7 ಮಿಲಿಸೆಕೆಂಡ್. 144ರಲ್ಲಿ 6.9. ಇಲ್ಲಿ ಹತ್ತಿರ ಹತ್ತು ಮಿಲಿಸೆಕೆಂಡ್ ಉಳಿಯಿತು, ಅದು ಯಾರ ಕಣ್ಣಿಗಾದರೂ ಗೊತ್ತಾಗುತ್ತದೆ. 240ಕ್ಕೆ ಹೋದರೆ 4.2. ಈಗ ಉಳಿದದ್ದು ಮೂರೂ ಇಲ್ಲ. ಶೂಟಿಂಗ್ ಆಟಗಳನ್ನು ಪಂದ್ಯದ ಮಟ್ಟದಲ್ಲಿ ಆಡುವವರಿಗೆ ಆ ಮೂರೂ ಬೇಕಾಗಬಹುದು, ಬೇಡ ಎನ್ನಲಾರೆ. ಆದರೆ ವಾರಕ್ಕೆ ಎರಡು ರಾತ್ರಿ ಕತೆಯ ಆಟ ಆಡುವವರು, ಅದೂ ಆ ಆಟದಲ್ಲಿ 70 ಎಫ್‌ಪಿಎಸ್ ದಾಟದ ಕಾರ್ಡ್ ಇಟ್ಟುಕೊಂಡು, 240ರ ಹಿಂದೆ ಬಿದ್ದರೆ ನಾನು ಸುಮ್ಮನಿರಲಾರೆ.

4ಕೆ ಕತೆಯೂ ಇಷ್ಟೇ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳು. 1440ಪಿಯಲ್ಲಿ 36.9 ಲಕ್ಷ. 4ಕೆಯಲ್ಲಿ 82.9 ಲಕ್ಷ, ಅಂದರೆ 1080ಪಿಯ ಸರಿಯಾಗಿ ನಾಲ್ಕು ಪಟ್ಟು. ಪ್ರತಿ ಚಿತ್ರಕ್ಕೂ ಕಾರ್ಡ್ ಅಷ್ಟೂ ಚುಕ್ಕಿಗಳಿಗೆ ಬಣ್ಣ ತುಂಬಬೇಕು. ಎಫ್‌ಪಿಎಸ್ ನಾಲ್ಕನೇ ಒಂದಕ್ಕೇ ಇಳಿಯುತ್ತದೆ ಎಂದು ನಾನು ಹೇಳುತ್ತಿಲ್ಲ, ಅದು ಆಟದ ಮೇಲೆ, ಪ್ರೊಸೆಸರ್ ಮೇಲೆ, ಅಪ್‌ಸ್ಕೇಲಿಂಗ್ (ಕಡಿಮೆ ಚುಕ್ಕಿಯಲ್ಲಿ ಬರೆದು ಹಿಗ್ಗಿಸುವುದು) ಹಾಕಿದ್ದೀರಾ ಇಲ್ಲವಾ ಎನ್ನುವುದರ ಮೇಲೆ ನಿಂತಿದೆ. ಇಳಿಯುತ್ತದೆ ಎನ್ನುವುದಂತೂ ಖಚಿತ. ಆದ್ದರಿಂದ ಮಾನಿಟರ್ ಕೊಳ್ಳುವ ಮುಂಚೆ ಒಂದು ಸಂಜೆ ನಿಮ್ಮ ಆಟಗಳನ್ನು ಹಾಕಿ, ಮೂಲೆಯಲ್ಲಿ ಎಫ್‌ಪಿಎಸ್ ತೋರಿಸುವ ಹಾಗೆ ಮಾಡಿ, ಬರುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ನನ್ನ ಬಳಿ ಸಲಹೆ ಕೇಳುವವರಿಗೆ ನಾನು ಮೊದಲು ಕೇಳುವುದು ಆ ಚೀಟಿಯನ್ನೇ. ತಂದವರು ಬೆರಳೆಣಿಕೆಯಷ್ಟು.

ಅಳತೆಯ ಬಗ್ಗೆ ಚುಟುಕಾಗಿ: 24 ಇಂಚಿಗೆ 1080ಪಿ, 27ಕ್ಕೆ 1440ಪಿ ಹೊಂದುತ್ತದೆ. 27 ಇಂಚಿನಲ್ಲಿ 1080ಪಿ ಹಾಕಿದರೆ ಇಂಚಿಗೆ ಸುಮಾರು 82 ಚುಕ್ಕಿ ಮಾತ್ರ. ಮೇಜಿನ ದೂರದಲ್ಲಿ ಕೂತರೆ ಅಕ್ಷರದ ಅಂಚು ಒರಟಾಗಿ ಕಾಣುತ್ತದೆ. ಆಟಕ್ಕೆ ಮಾತ್ರ ಎಂದು ಕೊಂಡವರೂ ಹಗಲೆಲ್ಲ ಅದರಲ್ಲೇ ಓದುತ್ತಾರೆ, ಆಮೇಲೆ ಕಣ್ಣುರಿ ಎನ್ನುತ್ತಾರೆ.

ಇನ್ನು ಕೇಬಲ್. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡುವವರನ್ನು ನೋಡಬೇಕಾದರೆ ನನ್ನ ಮೇಜಿನ ಪಕ್ಕ ಒಂದು ದಿನ ಕೂತರೆ ಸಾಕು. ಹೊಸ ಮಾನಿಟರ್‌ಗೆ ಹತ್ತು ವರ್ಷದ ಹಳೆಯ ಎಚ್‌ಡಿಎಂಐ ಕೇಬಲ್, ಅದೂ ಟಿವಿಯ ಹಿಂದಿನಿಂದ ಕಿತ್ತದ್ದು. ಎಚ್‌ಡಿಎಂಐನ 1.4 ಆವೃತ್ತಿಯಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲ ಬಂದರೆ ಹೆಚ್ಚು. 2.0ರಲ್ಲಿ 60. 120 ಬೇಕಾದರೆ 2.1 ಬೇಕು, ಅಥವಾ ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಬಗೆಯ ಕನೆಕ್ಷನ್‌ನ 1.4. ಇದರಲ್ಲೂ ಒಂದು ಕೊಸರಿದೆ. ಈಗಿನ ನಿಯಮದಲ್ಲಿ 2.0ರ ವೇಗದ ಪೋರ್ಟನ್ನೂ 2.1 ಎಂದು ಕರೆಯಲು ಅಡ್ಡಿಯಿಲ್ಲ. ಹಾಗಾಗಿ ‘2.1’ ಎಂಬ ಹೆಸರು ನೋಡಿ ನಂಬಬೇಡಿ, ಯಾವ ಪೋರ್ಟ್‌ನಲ್ಲಿ ಎಷ್ಟು ಹರ್ಟ್ಸ್ ಎಂದು ಕೈಪಿಡಿಯ ಕೊನೆಯ ಕೋಷ್ಟಕದಲ್ಲಿ ನೋಡಿ. ಎಷ್ಟೋ 1440ಪಿ ಮಾನಿಟರ್‌ಗಳಲ್ಲಿ ಎಚ್‌ಡಿಎಂಐ 144ಕ್ಕೆ ನಿಲ್ಲುತ್ತದೆ, ಡಬ್ಬಿಯ ಮೇಲಿನ 165 ಸಿಗುವುದು ಡಿಸ್‌ಪ್ಲೇಪೋರ್ಟ್‌ನಲ್ಲಿ ಮಾತ್ರ. ಸೆಟ್ಟಿಂಗ್ಸ್‌ನ ಪಟ್ಟಿಯಲ್ಲಿ 165 ಕಾಣಿಸದೇ ಇದ್ದರೆ ನಾನು ಮೊದಲು ಮುಟ್ಟುವುದು ಕೇಬಲನ್ನು.

ಜಿ-ಸಿಂಕ್, ಫ್ರೀಸಿಂಕ್ ಎಂದು ಬರೆದಿರುತ್ತಾರಲ್ಲ, ಅದು ನಿಜಕ್ಕೂ ಉಪಯೋಗದ್ದು. ಕಾರ್ಡ್ ಚಿತ್ರ ಮುಗಿಸುವವರೆಗೆ ಪರದೆ ಕಾಯುತ್ತದೆ, ಹಾಗಾಗಿ ಎಫ್‌ಪಿಎಸ್ ಏರಿಳಿದರೂ ಚಿತ್ರ ಹರಿದಂತೆ ಕಾಣುವುದಿಲ್ಲ. ಸಾಧಾರಣ ಕಾರ್ಡ್ ಇರುವವರಿಗೆ ಇದು ಇನ್ನೂರ ನಲವತ್ತಕ್ಕಿಂತ ದೊಡ್ಡ ಉಪಕಾರ. ಆದರೆ ಎಷ್ಟೋ ಮಾನಿಟರ್‌ಗಳಲ್ಲಿ ಅದು ಮಾನಿಟರ್‌ನದೇ ಮೆನುವಿನಲ್ಲಿ ಆಫ್ ಆಗಿರುತ್ತದೆ. ಕೆಳಗಿನ ಬಟನ್ ಒತ್ತಿ ಹುಡುಕಿ ಆನ್ ಮಾಡಬೇಕು.

ವಿಎ, ಐಪಿಎಸ್, ಒಎಲ್ಇಡಿ ಎಂಬ ಪರದೆಯ ಬಗೆಗಳಲ್ಲಿ ಯಾವುದು ಮೇಲು ಎಂಬ ಪ್ಯಾನೆಲ್ ಜಗಳಕ್ಕೆ ನಾನು ಹೋಗುವುದಿಲ್ಲ. ಕತ್ತಲ ಕೋಣೆಯಲ್ಲಿ ಆಡುವವರಿಗೆ ವಿಎಯ ಕಪ್ಪು ಹಿಡಿಸುತ್ತದೆ, ಆದರೆ ಕತ್ತಲ ದೃಶ್ಯ ಓಡುವಾಗ ಹಿಂದೆ ಮಸಿ ಎಳೆದಂತೆ ಕಾಣಬಹುದು. ಐಪಿಎಸ್‌ನಲ್ಲಿ ಕಪ್ಪು ಬೂದು ಬೂದಾಗಿರುತ್ತದೆ, ಉಳಿದದ್ದಕ್ಕೆ ತಕರಾರಿಲ್ಲ. ಒಎಲ್ಇಡಿ ಎಲ್ಲಕ್ಕಿಂತ ಚೆಂದ. ಆದರೆ ದಿನವಿಡೀ ಒಂದೇ ಟಾಸ್ಕ್‌ಬಾರ್ ಇಟ್ಟುಕೊಂಡು ಕೆಲಸ ಮಾಡುವವರು ಅದರ ಗುರುತು ಪರದೆಯಲ್ಲಿ ಉಳಿಯುವ ಸಾಧ್ಯತೆ ತಿಳಿದೇ ಕೊಳ್ಳಬೇಕು. ಪರದೆಯ ಚುರುಕನ್ನು ಸಾರುವ ‘1 ಎಂಎಸ್’ (ಒಂದು ಮಿಲಿಸೆಕೆಂಡ್) ಎಂಬ ಮಾತಿಗೆ ಮರುಳಾಗಬೇಡಿ, ಅಳೆಯುವ ವಿಧಾನವೇ ಎರಡು ಬಗೆ. ಬೆಳಕು ಕತ್ತಲೆಯನ್ನು ಚೆನ್ನಾಗಿ ತೋರಿಸುತ್ತದೆ ಎನ್ನುವ ‘ಎಚ್‌ಡಿಆರ್ 400’ ಚೀಟಿ ಅಂಟಿಸಿದ್ದಾರೆಂದು ಹೆಚ್ಚು ಹಣ ಕೊಡುವುದಂತೂ ಬೇಡವೇ ಬೇಡ.

ಎಲ್ಲ ತಿಳಿದವನ ಹಾಗೆ ಬರೆಯುತ್ತಿದ್ದೇನೆ, ಒಪ್ಪಿಕೊಳ್ಳಬೇಕಾದ್ದೂ ಒಂದಿದೆ. ಒಮ್ಮೆ ನನ್ನದೇ ಸಿಸ್ಟಮ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಹಾಕಿದ ಮೇಲೆ ಪರದೆ ಸದ್ದಿಲ್ಲದೆ 60ಕ್ಕೆ ವಾಪಸ್ ಹೋಗಿತ್ತು. ವಯಸ್ಸಾಯಿತು, ಕೈ ನಿಧಾನವಾಯಿತು ಎಂದು ಎರಡು ವಾರ ಕೊರಗಿದೆ.

ಅದಕ್ಕಿಂತ ಕೆಟ್ಟ ತಪ್ಪು ಇನ್ನೊಂದಿದೆ, ಕೇಬಲನ್ನು ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಮದರ್‌ಬೋರ್ಡ್‌ಗೆ ಚುಚ್ಚುವುದು. ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಪರದೆಯೇ ಬರುವುದಿಲ್ಲ, ತಪ್ಪು ಅಲ್ಲೇ ಗೊತ್ತಾಗುತ್ತದೆ. ಇದ್ದರೆ ಕಷ್ಟ. ಎಲ್ಲವೂ ಬರುತ್ತದೆ, ಆಟವೂ ಶುರುವಾಗುತ್ತದೆ, ಕುಂಟುತ್ತದೆ ಅಷ್ಟೆ. ಮೊನ್ನೆ ಒಬ್ಬರು ಫೋನ್ ಮಾಡಿದ್ದರು. “ಕಾರ್ಡ್ ಚೇಂಜ್ ಮಾಡ್ಬೇಕೇನೋ ಸರ್, ಹೊಸ ಮಾನಿಟರ್ ಹಾಕಿದ್ರೂ ಇಪ್ಪತ್ತು ಎಫ್‌ಪಿಎಸ್ ಬರ್ತಿಲ್ಲ.” ಹಿಂಭಾಗದ ಒಂದು ಫೋಟೊ ಕಳಿಸಿ ಎಂದೆ. ಕೇಬಲ್ ಮೇಲಿನ ಪೋರ್ಟ್‌ನಲ್ಲಿತ್ತು. ಕೆಳಗೆ ಗ್ರಾಫಿಕ್ಸ್ ಕಾರ್ಡ್‌ನ ನಾಲ್ಕೂ ಪೋರ್ಟ್‌ಗಳಲ್ಲಿ ಕಂಪನಿ ಹಾಕಿ ಕಳಿಸಿದ ಕಪ್ಪು ಮುಚ್ಚಳಗಳು ಹಾಗೇ ಇದ್ದವು.