ಬಿರುಗಾಳಿ ದುರ್ಬಲವಾಯಿತು ಅಂದಮೇಲೂ ನದಿ ದಂಡೆಯ ಊರುಗಳು ಯಾಕೆ ಮುಳುಗುತ್ತವೆ?

ಪ್ರಶ್ನೆ: ಚಂಡಮಾರುತ ದಡ ಮುಟ್ಟಿ ಬಲ ಕಳೆದುಕೊಂಡಿತು ಅಂತ ಸುದ್ದಿ ಬರುತ್ತದೆ. ಎರಡು ದಿನ ಬಿಟ್ಟು ಒಳನಾಡಿನ ಯಾವುದೋ ಊರು ನೀರುಪಾಲಾಯಿತು ಅಂತಲೂ ಬರುತ್ತದೆ. ಗಾಳಿಯೇ ಇಳಿದ ಮೇಲೆ ಪ್ರವಾಹ ಯಾಕೆ?

ಉತ್ತರ: ಅಮೆರಿಕ ಖಂಡದ ಸುದ್ದಿಗಳಲ್ಲಿ ಕೇಳುವ 1ರಿಂದ 5ರವರೆಗಿನ ವರ್ಗ ಗಾಳಿಯ ವೇಗವನ್ನು ಮಾತ್ರ ಹೇಳುತ್ತದೆ. ಮಳೆಯ ಲೆಕ್ಕ ಅದರಲ್ಲಿ ಇಲ್ಲ. ಮಳೆ ಎಷ್ಟು ಅಂತ ಅಂದಾಜು ಮಾಡಲು ಬಿರುಗಾಳಿ ಎಷ್ಟು ಬೇಗ ಮುಂದೆ ಸಾಗುತ್ತಿದೆ ಅಂತ ನೋಡಬೇಕು. ಅದು ನಿಂತಲ್ಲೇ ನಿಂತರೆ ಸಮುದ್ರದ ತೇವವನ್ನೆಲ್ಲ ಎಳೆದು ಅದೇ ಬೆಟ್ಟಗಳ ಮೇಲೆ ದಿನಗಟ್ಟಲೆ ಸುರಿಯುತ್ತದೆ.

1998ರ ಅಕ್ಟೋಬರ್‌ನಲ್ಲಿ ಮಧ್ಯ ಅಮೆರಿಕದಲ್ಲಿ ಆದದ್ದು ಇದೇ. ಕೆರಿಬಿಯನ್ ಸಮುದ್ರದಲ್ಲಿದ್ದಾಗ ಮಿಚ್ ಚಂಡಮಾರುತದ ಗಾಳಿ ಗಂಟೆಗೆ ಸುಮಾರು 285 ಕಿ.ಮೀ. ಇತ್ತು, ಅಂದರೆ 5ನೇ ವರ್ಗ. ಹೊಂಡುರಾಸ್ ದಡ ಹತ್ತುವಾಗ 1ನೇ ವರ್ಗಕ್ಕೆ ಇಳಿದಿತ್ತು. ಆದರೆ ಅದು ತೀರದ ಹತ್ತಿರವೇ ತೆವಳಿತು, ಮಳೆ ನಿಲ್ಲಲೇ ಇಲ್ಲ. ಅಕ್ಟೋಬರ್ 30ರಂದು, ಆಚೆ ಪೆಸಿಫಿಕ್ ಕಡೆಗಿರುವ ನಿಕರಾಗುವಾದ ಕಾಸಿತಾ ಜ್ವಾಲಾಮುಖಿಯ ಇಳಿಜಾರು ನೆನೆದು ಕುಸಿಯಿತು. ಆ ಕೆಸರಿನಡಿ ಸಿಕ್ಕಿ ಸುಮಾರು 2,000 ಜನ ಸತ್ತರು. ಮಿಚ್‌ಗೆ ಒಟ್ಟು ಬಲಿಯಾದವರು 11,000ಕ್ಕೂ ಜಾಸ್ತಿ. ಇವರಲ್ಲಿ ಹೆಚ್ಚಿನವರನ್ನು ಕೊಂದದ್ದು ನೀರು ಮತ್ತು ಮಣ್ಣು.

ಈಗ ದೂರದ ನದಿಗಳ ಮಾತು. ಹೊಂಡುರಾಸ್ ಮತ್ತು ನಿಕರಾಗುವಾ ನಡುವೆ ಬಹುದೂರ ಗಡಿಯಾಗಿ ಹರಿಯುವ ಕೋಕೊ ನದಿ ಬೆಟ್ಟಗಳಲ್ಲಿ ಹುಟ್ಟಿ ಕೆರಿಬಿಯನ್ ಸೇರುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಮಿಸ್ಕಿಟೊ ಜನ ಅದನ್ನು ವಾಂಗ್ಕಿ ಅನ್ನುತ್ತಾರೆ. ರಸ್ತೆ ತೀರಾ ಕಡಿಮೆ ಇರುವ ಈ ಸೀಮೆಯಲ್ಲಿ ನದಿಯೇ ದಾರಿ, ದೋಣಿಯೇ ಬಸ್ಸು. ಭತ್ತ, ಹುರುಳಿಕಾಯಿ ಜಾತಿಯ ಕಾಳು, ಬಾಳೆ ಬೆಳೆಯುವುದೂ ದಂಡೆಯ ಮೆಕ್ಕಲು ಮಣ್ಣಿನಲ್ಲೇ. ಹಾಗಾಗಿ ನದಿ ಉಕ್ಕಿದರೆ ಮನೆ, ಬೆಳೆ, ಓಡಾಟ ಮೂರೂ ಒಟ್ಟಿಗೇ ಹೋಗುತ್ತವೆ. ಮೇಲಿನ ಬೆಟ್ಟದಲ್ಲಿ ಬಿದ್ದ ಮಳೆ ಕೆಳಗಿಳಿಯಲು ಸಮಯ ಬೇಕು. ಅಷ್ಟರಲ್ಲಿ ಕೆಳಗಿನ ಊರಿನಲ್ಲಿ ಬಿಸಿಲು ಬಂದಿರಬಹುದು. ಬಿಸಿಲು ಕಂಡವರು ಅಪಾಯ ಕಳೆಯಿತು ಅಂದುಕೊಳ್ಳುವುದು ಸಹಜ ಅಲ್ವಾ?

ನೆಲ ಮೊದಲೇ ನೆನೆದಿದ್ದರೆ ಕಷ್ಟ ಇನ್ನೂ ಹೆಚ್ಚು. 2020ರ ನವೆಂಬರ್‌ನಲ್ಲಿ ಎಟಾ, ಅಯೋಟಾ ಎಂಬ ಎರಡು ಚಂಡಮಾರುತಗಳು ಎರಡೇ ವಾರದ ಅಂತರದಲ್ಲಿ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಕರಾಗುವಾಕ್ಕೆ ಅಪ್ಪಳಿಸಿದವು. ಎರಡನೆಯದರ ಮಳೆಯನ್ನು ಹೀರಲು ಮಣ್ಣಿನಲ್ಲಿ ಜಾಗವೇ ಉಳಿದಿರಲಿಲ್ಲ. 2024ರ ನವೆಂಬರ್‌ನಲ್ಲಿ ಬಂದ ಸಾರಾ ಎಂಬ ಬಿರುಗಾಳಿ ಚಂಡಮಾರುತದ ಮಟ್ಟಕ್ಕೂ ಏರಲಿಲ್ಲ, ಗಾಳಿ ಗಂಟೆಗೆ ಸುಮಾರು 80 ಕಿ.ಮೀ. ಅಷ್ಟೆ. ಅದೂ ಹೊಂಡುರಾಸ್ ತೀರದಲ್ಲಿ ದಿನಗಟ್ಟಲೆ ಕೂತು ನದಿಗಳನ್ನು ಉಕ್ಕಿಸಿತು.

ನಮಗೂ ಇದು ಹೊಸದಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದಲೇ ಉತ್ತರ ಕರ್ನಾಟಕ ಮುಳುಗಿತು. ಸಮುದ್ರದಿಂದ ಅಷ್ಟು ದೂರದ ರಾಯಚೂರು, ಬಾಗಲಕೋಟೆಗಳಲ್ಲಿ ಬಿರುಗಾಳಿಯ ಭಯ ಯಾರಿಗಿತ್ತು?

ನನ್ನ ಪ್ರಕಾರ ಕೋಕೊ ದಂಡೆಯಂಥ ಕಡೆ ಮೊದಲು ಬೇಕಾದದ್ದು ನದಿಯ ಮೇಲ್ಭಾಗದಲ್ಲಿ ಮಳೆ ಮತ್ತು ನೀರಿನ ಮಟ್ಟ ಅಳೆಯುವ ವ್ಯವಸ್ಥೆ. ಅಲ್ಲಿ ನೀರು ಏರಿದ ಸುದ್ದಿ ಕೂಡಲೇ ರೇಡಿಯೊದಲ್ಲಿ, ಮಿಸ್ಕಿಟೊ ಭಾಷೆಯಲ್ಲೇ, ಕೆಳಗಿನ ಊರುಗಳಿಗೆ ಮುಟ್ಟಬೇಕು. ಆಗ ಮಕ್ಕಳು, ಮುದುಕರು, ದನಕರು, ಬಿತ್ತನೆಗೆ ಇಟ್ಟ ಕಾಳು ಎಲ್ಲವನ್ನೂ ದೋಣಿಯಲ್ಲಿ ಎತ್ತರದ ಜಾಗಕ್ಕೆ ಸಾಗಿಸಲು ಹೊತ್ತು ಸಿಗುತ್ತದೆ.