ಫ್ರಾನ್ಸಿನ ಹಳ್ಳಿ ರಸ್ತೆಗಳು ಖಾಲಿ ಬಿದ್ದದ್ದು ಹೇಗೆ?

ಸೈಕಲ್ ಪ್ರವಾಸದ ಹುಚ್ಚು ಹತ್ತಿದವರ ಮಾತಿನಲ್ಲಿ ಫ್ರಾನ್ಸ್ ಬಂದೇ ಬರುತ್ತದೆ. ಆಲ್ಪ್ಸ್ ಬೆಟ್ಟ, ಟೂರ್ ಡಿ ಫ್ರಾನ್ಸ್ ಎಲ್ಲ ಸರಿ. ಆದರೆ ಅಲ್ಲಿ ತುಳಿದು ಬಂದವರು ಜಾಸ್ತಿ ಹೊಗಳುವುದು ನಕ್ಷೆಯಲ್ಲಿ ‘ಡಿ’ ಅಕ್ಷರ ಹೊತ್ತ ಸಣ್ಣ ರಸ್ತೆಗಳನ್ನು. ಗುಂಡಿಯಿಲ್ಲದ ಡಾಂಬರು, ಎರಡೂ ಕಡೆ ದನ ಮೇಯುವ ಬಯಲು, ಆಗೊಂದು ಈಗೊಂದು ಟ್ರ್ಯಾಕ್ಟರ್, ಇಲ್ಲವೇ ಅಂಚೆಯವರ ಹಳದಿ ವ್ಯಾನು. ಇಷ್ಟು ಒಳ್ಳೆಯ ರಸ್ತೆಯಲ್ಲಿ ಓಡಾಟವೇ ಇಲ್ಲ ಅಂದರೆ ಇದನ್ನು ಯಾರಿಗಾಗಿ ಮಾಡಿದರು? ಸೈಕಲ್‌ನವರಿಗಂತೂ ಅಲ್ಲ.

ಮೊದಲು ಲೆಕ್ಕ ನೋಡೋಣ. ಫ್ರಾನ್ಸಿನಲ್ಲಿ ಸುಮಾರು 11 ಲಕ್ಷ ಕಿಲೋಮೀಟರ್ ರಸ್ತೆ ಇದೆ. ಮೋಟಾರು ಹೆದ್ದಾರಿ, ರಾಷ್ಟ್ರೀಯ ರಸ್ತೆ ಎರಡನ್ನೂ ಕೂಡಿದರೂ ಅದರಲ್ಲಿ ನೂರಕ್ಕೆ ಎರಡರಷ್ಟೇ. ವಾಹನಗಳ ದಟ್ಟ ಓಡಾಟ ಅಲ್ಲೇ. ಉಳಿದದ್ದರಲ್ಲಿ ಸುಮಾರು 3.8 ಲಕ್ಷ ಕಿಲೋಮೀಟರ್ ಡಿಪಾರ್ಟ್‌ಮೆಂಟುಗಳ ಕೈಯಲ್ಲಿದೆ, ಅಂದರೆ ಅಲ್ಲಿನ ಜಿಲ್ಲೆಗಳ ಕೈಯಲ್ಲಿ. ‘ಡಿ’ ಅಂದರೆ ಅದೇ. ಮಿಕ್ಕ ಸುಮಾರು 7 ಲಕ್ಷ ಕಮ್ಯೂನ್‌ಗಳದ್ದು. ಕಮ್ಯೂನ್ ಅಂದರೆ ಊರಿನ ಸ್ಥಳೀಯ ಆಡಳಿತ. ದೇಶದಲ್ಲಿ ಹತ್ತಿರ ಹತ್ತಿರ 35 ಸಾವಿರ ಕಮ್ಯೂನ್‌ಗಳಿವೆ. ಅರ್ಧಕ್ಕರ್ಧ ಕಮ್ಯೂನ್‌ಗಳಲ್ಲಿ 500 ಜನರೂ ಇಲ್ಲ. ಇಷ್ಟು ಕಡಿಮೆ ಜನಕ್ಕೆ ಇಷ್ಟೊಂದು ರಸ್ತೆ! ಈ ಲೆಕ್ಕ ತಾಳೆಯಾಗಬೇಕಾದರೆ ಹಿಂದಕ್ಕೆ ಹೋಗಬೇಕು.

ರಾಜರ ಕಾಲದಲ್ಲಿ ರಸ್ತೆ ಮಾಡಿದ್ದು ಬಿಟ್ಟಿ ಚಾಕರಿಯಿಂದ. 1738ರಿಂದ ಇಡೀ ದೇಶದ ಹಳ್ಳಿಗರು ರಾಜಮಾರ್ಗಕ್ಕೆ ಪುಕ್ಕಟೆ ಕಲ್ಲು ಹೊರಬೇಕಾಯಿತು. ಪ್ಯಾರಿಸ್ಸಿನಿಂದ ಹೊರಟ ಆ ಮಾರ್ಗಗಳು ಅಗಲವಾಗಿ, ನೇರವಾಗಿ, ನೋಡಲು ಭರ್ಜರಿಯಾಗಿದ್ದವು. 1787ರಲ್ಲಿ ಬಂದ ಇಂಗ್ಲೆಂಡಿನ ಕೃಷಿ ತಜ್ಞನೊಬ್ಬ, ಇಷ್ಟು ಚಂದದ ರಸ್ತೆಗಳಲ್ಲಿ ಓಡಾಟವೇ ಇಲ್ಲವಲ್ಲ ಎಂದು ಬೆರಗಾಗಿದ್ದ. ಖಾಲಿ ರಸ್ತೆ ಆ ದೇಶಕ್ಕೆ ಹೊಸದೇನಲ್ಲ. ಇತ್ತ ಕಲ್ಲು ಹೊತ್ತವರ ಸ್ವಂತ ಊರಿಗೆ ಮಳೆಗಾಲದಲ್ಲಿ ಗಾಡಿ ಹೋಗುತ್ತಿರಲಿಲ್ಲ. ಕೆಸರೇ ಕೆಸರು.

ಆ ಕೆಸರಿಗೆ ಮದ್ದು ಸಿಕ್ಕಿದ್ದು 1836ರ ಮೇ 21ರ ಕಾನೂನಿನಲ್ಲಿ. ಇಂದಿನ ಸೈಕಲ್ ಸವಾರರು ಯಾರಿಗಾದರೂ ಕೈ ಮುಗಿಯಬೇಕಾದರೆ ಈ ಕಾನೂನಿಗೇ ಮುಗಿಯಬೇಕು ಅನ್ನಿಸುತ್ತದೆ. ಊರಿಂದ ಊರಿಗೆ ಹೋಗುವ ದಾರಿಗಳನ್ನು ನೋಡಿಕೊಳ್ಳುವುದು ಪ್ರತಿ ಕಮ್ಯೂನಿನ ಕರ್ತವ್ಯ ಎಂದು ಅದು ಹೇಳಿತು. ದುಡ್ಡಿಲ್ಲ ಅನ್ನುವ ಹಾಗಿಲ್ಲ. ಊರಿನ ಗಂಡಸರಿಗೆ ವರ್ಷಕ್ಕೆ ಮೂರು ದಿನದವರೆಗೆ ರಸ್ತೆ ಕೆಲಸ ಹಾಕಬಹುದಿತ್ತು. ಗಾಡಿ, ಕುದುರೆ, ಎತ್ತು ಇದ್ದವರು ಅದನ್ನೂ ತರಬೇಕು. ಬೇಡ ಅಂದವರು ಹಣ ಕಟ್ಟಬಹುದು. ಹಳೆಯ ಬಿಟ್ಟಿಯೇ ಬೇರೆ ವೇಷದಲ್ಲಿ ಬಂತು ಎಂದು ಗೊಣಗಿದವರೂ ಇದ್ದರು. ಆದರೆ ಈ ಸಲ ಕಲ್ಲು ಬಿದ್ದದ್ದು ತಮ್ಮ ಊರಿನ ದಾರಿಗೇ. ಕೆಲಸ ನೋಡಿಕೊಳ್ಳಲು ಡಿಪಾರ್ಟ್‌ಮೆಂಟುಗಳು ಅಧಿಕಾರಿಗಳನ್ನು ನೇಮಿಸಿದವು. 1868ರಲ್ಲಿ ಸರ್ಕಾರ ಸಹಾಯಧನ ಮತ್ತು ಸಾಲವನ್ನೂ ಕೊಟ್ಟಿತು. ಹಾಗೆ ಒಂದೊಂದು ಕೊಪ್ಪಲಿಗೂ ಚರ್ಚಿಗೆ, ಸಂತೆಗೆ, ಗಿರಣಿಗೆ, ಆಮೇಲೆ ರೈಲು ನಿಲ್ದಾಣಕ್ಕೆ ಜಲ್ಲಿ ಹಾಕಿದ ದಾರಿ ಆಯಿತು. ಇವತ್ತಿನ ನಕ್ಷೆಯಲ್ಲಿ ಬಲೆ ಹೆಣೆದಂತೆ ಕಾಣುವ ರಸ್ತೆಗಳು ಅವೇ. ಅಂಕುಡೊಂಕು ಯಾಕೆ ಅಂದರೆ ಅವು ಹೊಲದ ಬದುವನ್ನೇ ಹಿಡಿದು ಹೋದವು.

ವಿಚಿತ್ರ ಏನೆಂದರೆ, ರಸ್ತೆ ಸಿದ್ಧವಾಗುವ ಹೊತ್ತಿಗೆ ಜನ ಊರು ಬಿಡಲು ಶುರು ಮಾಡಿದ್ದರು. ದೇಶದ ನಡುಭಾಗದ ಕ್ರೂಜ್ ಡಿಪಾರ್ಟ್‌ಮೆಂಟನ್ನೇ ನೋಡಿ. ಅಲ್ಲಿನ ಗಂಡಸರು ಗಾರೆ ಕೆಲಸಕ್ಕೆ ಹೆಸರಾದವರು. ಮೊದಲು ಬೇಸಿಗೆಯಲ್ಲಿ ಪ್ಯಾರಿಸ್, ಲಿಯಾನ್‌ಗಳಿಗೆ ನಡೆದು ಹೋಗಿ ಚಳಿಗಾಲಕ್ಕೆ ವಾಪಸು ಬರುತ್ತಿದ್ದರು. ರೈಲು ಬಂದ ಮೇಲೆ ಅಲ್ಲೇ ನಿಂತುಬಿಡುವವರು ಹೆಚ್ಚಾದರು. 1886ರ ಸುಮಾರಿಗೆ ಅಲ್ಲಿ 2.8 ಲಕ್ಷಕ್ಕೂ ಜಾಸ್ತಿ ಜನರಿದ್ದರು. ಈಗ 1.15 ಲಕ್ಷದ ಆಸುಪಾಸು. ಮೊದಲ ಮಹಾಯುದ್ಧವೂ ಹಳ್ಳಿಗಳನ್ನು ಬರಿದು ಮಾಡಿತು. ಹೆಚ್ಚುಕಡಿಮೆ ಪ್ರತಿ ಊರಿನಲ್ಲೂ ಸತ್ತವರ ಹೆಸರು ಕೆತ್ತಿದ ಕಲ್ಲು ನಿಂತಿದೆ. ಜನ ಹೋದರು, ರಸ್ತೆ ಉಳಿಯಿತು. ಎರಡನೇ ಯುದ್ಧದ ನಂತರ ಹಾಲಿನ ಲಾರಿ, ಟ್ರ್ಯಾಕ್ಟರ್ ಬಂದವು. ಜಲ್ಲಿಯ ಮೇಲೆ ಡಾಂಬರು ಬಿತ್ತು. ಶಾಲೆ ಮುಚ್ಚಿದ ಊರಿಗೂ ಡಾಂಬರು ಹೋಯಿತು.

ಅಳಿದುಳಿದ ವಾಹನಗಳನ್ನು ಎಳೆದುಕೊಂಡದ್ದು ಮೋಟಾರು ಹೆದ್ದಾರಿಗಳು. 1970ರಲ್ಲಿ ಪ್ಯಾರಿಸ್ಸಿನಿಂದ ಮಾರ್ಸೇವರೆಗೆ ಹೆದ್ದಾರಿ ಪೂರ್ತಿಯಾಯಿತು. ಆಮೇಲೆ ಹೆದ್ದಾರಿ ಬಂದಲ್ಲೆಲ್ಲ ಪಕ್ಕದ ಹಳೆಯ ರಸ್ತೆ ತಣ್ಣಗಾಯಿತು. ಇದಕ್ಕೆ ಒಳ್ಳೆಯ ಉದಾಹರಣೆ ಎನ್9 ಎಂಬ ರಾಷ್ಟ್ರೀಯ ರಸ್ತೆ. ಒಂದು ಕಾಲಕ್ಕೆ ದಕ್ಷಿಣಕ್ಕೆ ರಜೆಗೆ ಹೊರಟವರ ಕಾರುಗಳು ಮಿಯೋ ಪಟ್ಟಣದಲ್ಲಿ ಗಂಟೆಗಟ್ಟಲೆ ಸಿಕ್ಕಿಬೀಳುತ್ತಿದ್ದದ್ದು ಇದೇ ರಸ್ತೆಯಲ್ಲಿ. ಪಕ್ಕದಲ್ಲಿ ಟೋಲ್ ಇಲ್ಲದ ಎ75 ಹೆದ್ದಾರಿ ಬಂತು. 2004ರ ಡಿಸೆಂಬರಿನಲ್ಲಿ ಮಿಯೋದ ಎತ್ತರದ ಸೇತುವೆಯೂ ತೆರೆಯಿತು. 2006ರ ಹೊತ್ತಿಗೆ ಸರ್ಕಾರ ಸುಮಾರು 18 ಸಾವಿರ ಕಿಲೋಮೀಟರ್ ರಾಷ್ಟ್ರೀಯ ರಸ್ತೆಗಳನ್ನು ಡಿಪಾರ್ಟ್‌ಮೆಂಟುಗಳಿಗೆ ದಾಟಿಸಿತು. ಹಳೆಯ ಎನ್9 ಅಲ್ಲಿ ಈಗ ಡಿ809. ಅಗಲ ಹಾಗೇ ಇದೆ, ಲಾರಿಗಳಿಲ್ಲ.

ಸೈಕಲ್‌ನವರು ಈ ಕಥೆಗೆ ಬಂದದ್ದು ಅರ್ಧದಲ್ಲಿ. ಸೇಂಟ್ ಎಟಿಯೆನ್ ಊರಿನಲ್ಲಿ ರೇಷ್ಮೆ ವ್ಯಾಪಾರ ಮಾಡುತ್ತಿದ್ದ ಪಾಲ್ ದ ವಿವಿ ಎಂಬಾತ 1887ರಲ್ಲಿ ಸೈಕಲ್ ಪತ್ರಿಕೆ ಶುರು ಮಾಡಿದ. ‘ವೆಲೋಸಿಯೊ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. ಗೆಲ್ಲಲು ತುಳಿಯಬೇಡಿ, ಊರು ನೋಡಲು ತುಳಿಯಿರಿ ಎನ್ನುವುದು ಅವನ ವಾದ. ಬೆಟ್ಟ ಹತ್ತಬೇಕಾದರೆ ಗೇರು ಬದಲಿಸುವ ಸೈಕಲ್ ಬೇಕು ಎಂದು ಜೀವನಪೂರ್ತಿ ಹೇಳಿದ. ಟೂರ್ ಡಿ ಫ್ರಾನ್ಸ್ ಶುರು ಮಾಡಿದ ಆಂರಿ ದೆಗ್ರಾಂಜ್‌ಗೆ ಈ ಗೇರು ಅಂದರೆ ಆಗುತ್ತಿರಲಿಲ್ಲ. ಆ ಪಂದ್ಯದಲ್ಲಿ ಎಲ್ಲರಿಗೂ ಗೇರಿನ ಸೈಕಲ್ ಬಿಟ್ಟದ್ದು 1937ರಲ್ಲಿ. ಅಷ್ಟು ಹೊತ್ತಿಗೆ ವೆಲೋಸಿಯೊ ತೀರಿಕೊಂಡಿದ್ದ, 1930ರಲ್ಲಿ ಟ್ರಾಮ್ ಬಡಿದು. 1936ರಲ್ಲಿ ಕಾರ್ಮಿಕರಿಗೆ ಸಂಬಳ ಸಹಿತ ಎರಡು ವಾರ ರಜೆ ಸಿಕ್ಕಿತು. ಗಂಡ ಹೆಂಡತಿ ಒಂದೇ ಟ್ಯಾಂಡೆಮ್ ಸೈಕಲ್ ಹತ್ತಿ ಹಳ್ಳಿ ಕಡೆ ಹೊರಟರು. ದಾರಿ ಹುಡುಕಲು ಮಿಶ್ಲೆನ್ ಟೈರ್ ಕಂಪನಿಯ ನಕ್ಷೆ ಇತ್ತು. ಕೆಂಪು ಗೆರೆ ದೊಡ್ಡ ರಸ್ತೆ, ಹಳದಿ ಅದಕ್ಕಿಂತ ಚಿಕ್ಕದು, ಬಿಳಿ ಎಲ್ಲಕ್ಕಿಂತ ಚಿಕ್ಕದು, ಪಕ್ಕಕ್ಕೆ ಹಸಿರು ಬಳಿದಿದ್ದರೆ ನೋಟ ಚೆನ್ನಾಗಿದೆ ಅಂತ. ಕಾರಿನವರಿಗೆಂದು ಮಾಡಿದ ನಕ್ಷೆ ಅದು. ಸೈಕಲ್‌ನವರು ಅದನ್ನು ತಿರುಗಾಮುರುಗಾ ಓದಿದರು. ಕೆಂಪು ಬಿಟ್ಟು ಬಿಳಿ ಹಿಡಿದರು.

ಈ ಬಿಳಿ ಗೆರೆಗಳ ರುಚಿ ಕಂಡ ಕನ್ನಡಿಗರೂ ಇದ್ದಾರೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಗೆ ಬೆಂಗಳೂರಿನಿಂದಲೂ ಜನ ಹೋಗುತ್ತಾರೆ. 2019ರಲ್ಲಿ ಭಾರತದಿಂದ ನೂರಾರು ಮಂದಿ ಹೋಗಿದ್ದರು. 1,200 ಕಿಲೋಮೀಟರ್, ಹೆಚ್ಚೆಂದರೆ 90 ಗಂಟೆ. 1891ರಲ್ಲಿ ಇದು ವೃತ್ತಿಪರರ ಪಂದ್ಯವಾಗಿ ಹುಟ್ಟಿದಾಗ ದೊಡ್ಡ ರಸ್ತೆಯಲ್ಲೇ ಓಡುತ್ತಿತ್ತು. ಈಗ ಪಶ್ಚಿಮ ಫ್ರಾನ್ಸಿನ ಬ್ರಿಟನಿ ಪ್ರದೇಶದ ಸಣ್ಣ ರಸ್ತೆಗಳ ಏರಿಳಿತದಲ್ಲಿ ಸಾಗುತ್ತದೆ. ನಡುರಾತ್ರಿ ಮನೆ ಮುಂದೆ ಮೇಜು ಹಾಕಿ ಸವಾರರಿಗೆ ಕಾಫಿ ಕೊಡುವ ಊರಿನವರೂ ಸಿಗುತ್ತಾರೆ.

ಪೂರ್ತಿ ವಾಹನವೇ ಇಲ್ಲದ ದಾರಿ ಬೇಕು ಅನ್ನುವವರಿಗೆ ಇರುವುದು ಹಸಿರು ದಾರಿಗಳು, ಫ್ರೆಂಚರ ‘ವ್ವಾ ವೆರ್ತ್’. ಇವು ಬೇರೆ ಜಾತಿ. 1879ರ ಆಸುಪಾಸಿನಲ್ಲಿ ಫ್ರೇಸಿನೆ ಎಂಬ ಮಂತ್ರಿ ಸಣ್ಣಪುಟ್ಟ ಊರಿಗೂ ರೈಲು ಹಾಕಿಸುವ ಯೋಜನೆ ತಂದ. ಬಸ್ಸು, ಕಾರು ಬಂದ ಮೇಲೆ 1930ರ ದಶಕದಿಂದ ಆ ಸಾಲುಗಳು ಒಂದೊಂದಾಗಿ ಮುಚ್ಚಿದವು. ಹಳಿ ಕಿತ್ತ ಜಾಗ ಪೊದೆ ಬೆಳೆದು ಬಿದ್ದಿತ್ತು. 1997ರಲ್ಲಿ ಬರ್ಗಂಡಿಯ ಜಿವ್ರಿ ಮತ್ತು ಕ್ಲೂನಿ ನಡುವಿನ ಹಳಿ ಜಾಗಕ್ಕೆ ಡಾಂಬರು ಹಾಕಿ ಸೈಕಲ್, ನಡಿಗೆಗೆ ಬಿಟ್ಟರು, ಸುಮಾರು 44 ಕಿಲೋಮೀಟರ್. ಮರುವರ್ಷವೇ ಇಡೀ ದೇಶಕ್ಕೆ ಇಂಥ ಜಾಲದ ಯೋಜನೆ ಆಯಿತು. ರೈಲು ಕಡಿದಾದ ಏರು ಹತ್ತುವುದಿಲ್ಲವಾದ್ದರಿಂದ ಈ ದಾರಿಗಳೂ ಸಮತಟ್ಟು. ಮಕ್ಕಳಿಗೆ, ವಯಸ್ಸಾದವರಿಗೆ ಬಹಳ ಒಳ್ಳೆಯದು. ನನ್ನನ್ನು ಕೇಳಿದರೆ, ದಿನವಿಡೀ ತುಳಿಯುವವರಿಗೆ ಸ್ವಲ್ಪ ಬೇಜಾರು: ಎರಡು ಕಡೆ ಮರ, ಮುಂದೆ ಗೆರೆ ಎಳೆದಂಥ ದಾರಿ, ಊರು ಪಕ್ಕಕ್ಕೇ ಉಳಿದುಬಿಡುತ್ತದೆ. ಸುಮಾರು 900 ಕಿಲೋಮೀಟರಿನ ಹೆಸರಾಂತ ಲ್ವಾರ್ ನದಿ ಸೈಕಲ್ ಮಾರ್ಗ ಕೂಡ ಎಷ್ಟೋ ಕಡೆ ಹಳೆಯ ಹಳ್ಳಿ ರಸ್ತೆಯನ್ನೇ ಎರವಲು ಪಡೆದಿದೆ.

ಖಾಲಿ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ. ಫ್ರಾನ್ಸಿನ ರಸ್ತೆ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆಗುವುದು ಊರ ಹೊರಗಿನ ಮಾಮೂಲಿ ರಸ್ತೆಗಳಲ್ಲೇ. ಎದುರಿಗೆ ಯಾರೂ ಬರಲ್ಲ ಎಂಬ ನಂಬಿಕೆಯಲ್ಲಿ ಜನ ಜೋರಾಗಿ ಓಡಿಸುತ್ತಾರೆ. 2018ರ ಜುಲೈನಲ್ಲಿ ಇಂಥ ರಸ್ತೆಗಳ ವೇಗದ ಮಿತಿಯನ್ನು ಗಂಟೆಗೆ 90 ಕಿಲೋಮೀಟರಿನಿಂದ 80ಕ್ಕೆ ಇಳಿಸಿದರು. ಬಸ್ಸಿಲ್ಲ, ರೈಲಿಲ್ಲ, ಆಸ್ಪತ್ರೆ ದೂರ, ಕಾರೇ ಗತಿ ಅನ್ನುವ ಹಳ್ಳಿಗರು ಸಿಟ್ಟಾದರು. ಆ ವರ್ಷದ ಕೊನೆಗೆ ಎದ್ದ ಹಳದಿ ಕೋಟಿನ ಚಳವಳಿಗೆ ಇಂಧನ ತೆರಿಗೆಯ ಜೊತೆ ಈ ಸಿಟ್ಟೂ ಸೇರಿತು. ಮರುವರ್ಷ ಕಾನೂನು ಸಡಿಲವಾಯಿತು. ಕ್ರೂಜ್, ಕಾಂತಾಲ್‌ನಂಥ ಜನ ಕಡಿಮೆ ಇರುವ ಡಿಪಾರ್ಟ್‌ಮೆಂಟುಗಳು 90ಕ್ಕೆ ವಾಪಸು ಹೋದವು. ಪ್ರವಾಸಿಗೆ ನೆಮ್ಮದಿ ಕೊಡುವ ಅದೇ ಖಾಲಿತನ ಅಲ್ಲಿ ಬದುಕುವವರ ದೂರು ಕೂಡ.

ಈಗ ಕಾಡುತ್ತಿರುವುದು ದುಡ್ಡು. ಬಹಳ ಕಡೆ ಹೊಸ ಡಾಂಬರಿನ ಬದಲು ಟಾರು ಚಿಮುಕಿಸಿ ಮೇಲೆ ಸಣ್ಣ ಜಲ್ಲಿ ಎರಚಿ ಮುಗಿಸುತ್ತಾರೆ. ಅಗ್ಗ, ನೀರು ಇಳಿಯುವುದಿಲ್ಲ, ಆದರೆ ಜಲ್ಲಿ ಕೂರುವವರೆಗೆ ತಿರುವಿನಲ್ಲಿ ಸೈಕಲ್ ಜಾರುತ್ತದೆ. ಸೇತುವೆಗಳದ್ದು ಇನ್ನೂ ದೊಡ್ಡ ತಲೆನೋವು. ಇಟಲಿಯ ಜಿನೋವಾದಲ್ಲಿ 2018ರಲ್ಲಿ ಸೇತುವೆ ಕುಸಿದ ಮೇಲೆ ಫ್ರಾನ್ಸಿನ ಸೆನೆಟ್ ಪರಿಶೀಲನೆ ಮಾಡಿತು. ಕನಿಷ್ಠ 25 ಸಾವಿರ ಸೇತುವೆಗಳ ಸ್ಥಿತಿ ಕೆಟ್ಟಿದೆ ಎಂದು 2019ರಲ್ಲಿ ವರದಿ ಕೊಟ್ಟಿತು. ಅವುಗಳಲ್ಲಿ ಬಹುಪಾಲು ಸಣ್ಣ ಆಡಳಿತಗಳ ಪಾಲಿಗೆ ಬಂದವು. 300 ಜನರ ಊರಿನ ಮೇಯರ್‌ಗೆ ಒಂದು ಸೇತುವೆ ರಿಪೇರಿ ಅಂದರೆ ಎಷ್ಟೋ ವರ್ಷದ ಬಜೆಟ್ಟು. ಸದ್ಯಕ್ಕೆ ಮಾಡುವುದು ಇಷ್ಟೇ: ಭಾರದ ವಾಹನ ಹೋಗಬಾರದು ಎಂದು ಬೋರ್ಡು ನೆಡುತ್ತಾರೆ, ಹಾಲಿನ ಲಾರಿ ಸುತ್ತಿಕೊಂಡು ಹೋಗುತ್ತದೆ.